ಉಸಿರಿನ ಜೋಡಿ

ಮಾರ್ಚ್ 4, ಸಂಜೆ

ಲಾಂಡ್ರಿ ಕೆಲಸ ಮುಗಿಸಿ ನೇರ ಹಾಡಿನ ಗುಂಪಿನ ಪ್ರ್ಯಾಕ್ಟೀಸಿಗೆ. ದಿನವಿಡೀ ಇಸ್ತ್ರಿಯ ಹಬೆ ಕುಡಿದು ಗಂಟಲು ಹೇಗೋ ಆಗಿತ್ತು. ಸ್ವರ ಬರೆದ ಹಾಳೆ ಎಲ್ಲರ ಕೈಯಲ್ಲೂ ಇತ್ತು, ನನ್ನದೂ ಇತ್ತು. ಅಕ್ಷರ ಗೊತ್ತು, ಸ್ವರ ಓದಲು ಬರುವುದಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕೇಳಿ ಕೇಳಿ ಕಲಿತದ್ದು.

ಇವತ್ತು ಮೂರನೇ ಭಾಗ. ಜೈಲಿನ ಗೇಟಿನ ಹೊರಗೆ ಕಾದ ತಾಯಂದಿರದು. ಒಂದೇ ಸ್ವರ, ಉದ್ದಕ್ಕೆ... ಎಲ್ಲೂ ಕಡಿಯಬಾರದು. ಅದಕ್ಕೇ ಹಾಡು ಕಲಿಸುವ ಮೇಡಂ ಜೋಡಿ ಮಾಡಿದ್ದಾರೆ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಸ್ವರ ಹಿಡಿದಿರಬೇಕು. ನನ್ನ ಜೋಡಿ ಬೇಕರಿಯವಳು.

"ನೀನು ಮೊದಲು ತಗೊಳ್ಳೇ," ಅಂದಳು.

"ಅಯ್ಯೋ ಬೇಡ, ನೀವೇ ತಗೊಳ್ಳಿ."

"ಇದೇನ್ರಮ್ಮಾ, ಬಸ್ಸಿನ ಸೀಟಾ?" ಅಂದರು ಮೇಡಂ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ರೆಕಾರ್ಡಿಂಗ್ ದಿನ ನಾನೇ ಕೆಡಿಸುತ್ತೇನೆ, ನೋಡುತ್ತಿರಿ.

ಮಾರ್ಚ್ 6, ಬೆಳಿಗ್ಗೆ

ಅಕ್ಕನನ್ನು ಕರೆದೆ. "ಮುಂದಿನ ಶನಿವಾರ ರೆಕಾರ್ಡಿಂಗು. ಹಾಡೋದು ಬೇಡ, ಸುಮ್ನೆ ಬಂದು ಕೂತ್ಕೋ."

"ನೋಡೋಣ," ಅಂದಳು. ಅವಳ 'ನೋಡೋಣ' ಅಂದರೆ ಇಲ್ಲ ಅಂತಲೇ.

ಗುಂಪಿನ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು ಅವಳು. ನನ್ನನ್ನು ಕೈಹಿಡಿದು ಸೇರಿಸಿದ್ದೂ ಅವಳೇ. ಆಮೇಲೆ ಆ ಗಲಾಟೆ. ಆಚೆ ಬೀದಿಯವರ ಪ್ರಾರ್ಥನೆ ಬೇರೆ ಅಂತ ಊರಿನ ಕೆಲವರು ಅವರಿಗೆ ಹೊಡೆದು ಮನೆಯಿಂದ ಎಳೆದು ಹಾಕಿದರು. ಅಕ್ಕ ನರ್ಸು, ಗಾಯಕ್ಕೆ ಪಟ್ಟಿ ಕಟ್ಟಿದಳು. ಅವರ ಕಡೆಯವಳು ಅಂತ ಪೊಲೀಸರು ಮನೆಗೇ ಬಂದು ಅವಳನ್ನು ಹಿಡಿದುಕೊಂಡು ಹೋದರು. ಹೊಡೆದವರು ಹೊರಗೆ, ಪಟ್ಟಿ ಕಟ್ಟಿದವಳು ಜೈಲಿನ ಒಳಗೆ! ಹೀಗೆ ಒಳಗಿದ್ದವರ, ಗೇಟಿನಲ್ಲಿ ಕಾದವರ ಮಾತುಗಳನ್ನೇ ಕೇಳಿ ಬರೆದುಕೊಂಡು ಮೇಡಂ ಈ ಹಾಡು ಕಟ್ಟಿದ್ದು. ಅಕ್ಕ ವಾಪಸ್ ಬಂದ ಮೇಲೆ ಬಚ್ಚಲಲ್ಲಿ ಕೂಡ ಗುನುಗಿಲ್ಲ.

ಮಾರ್ಚ್ 12

ಮೇಡಂ ಸಿ.ಡಿ. ಕವರಿಗೆ ಹೆಸರು ಕೇಳಿದರು. "ನನ್ನದು ಬೇಡ," ಅಂದೆ.

"ಭಯಾನಾ?"

"ಇಲ್ಲ... ಹೂಂ."

ಅವರು ಹಾಳೆಯಲ್ಲಿ ಮುಂದಿನ ಹೆಸರಿಗೆ ಹೋದರು. ಬೈದಿದ್ದರೇ ವಾಸಿಯಿತ್ತು. ನಾನು ಹಗ್ಗ ಕಂಡರೂ ಹಾವು ಅನ್ನುವವಳು. ಏನು ಮಾಡಲಿ? ಆದರೆ ನಮ್ಮ ಮನೆಗೆ ನಿಜವಾದ ಹಾವೇ ಬಂದು ಹೋಗಿದೆಯಲ್ಲ.

ಮಾರ್ಚ್ 14, ಶನಿವಾರ, ಸಂಜೆ 5

ಬಂದವಳೇ ಕೂತಿದ್ದೇನೆ. ಬರೆದುಬಿಡಬೇಕು.

ಪ್ರ್ಯಾಕ್ಟೀಸ್ ಹಾಲ್‌ನ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಫ್ಯಾನು ಬಂದ್. ಚಪ್ಪಲಿ ಕಿರುಗುಟ್ಟುತ್ತವೆ ಅಂತ ಎಲ್ಲರೂ ಬರಿಗಾಲು. ಅಕ್ಕ ಬಂದಳು! ಬಾಗಿಲ ಪಕ್ಕದ ಕುರ್ಚಿಯಲ್ಲಿ, ತೊಡೆ ಮೇಲೆ ಬ್ಯಾಗಿಟ್ಟುಕೊಂಡು — ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ.

ಮೂರನೇ ಭಾಗ. ಉದ್ದನೆ ಸ್ವರ. ಬೇಕರಿಯವಳ ಮುಖ ಕೆಂಪಾಗಿತ್ತು. ಪಾಪ, ಅವಳು ತೆಗೆದುಕೊಳ್ಳಲಿ ಅಂತ ನಾನು ಹಿಡಿದೆ. ನಾನು ತೆಗೆದುಕೊಳ್ಳಲಿ ಅಂತ ಅವಳು ಹಿಡಿದಳು. ಇಬ್ಬರಿಗೂ ಒಟ್ಟಿಗೇ ಉಸಿರು ಮುಗಿಯಿತು! ನಮ್ಮನ್ನು ನೋಡಿ ಗಾಬರಿಯಾಗಿ ಇಡೀ ಸಾಲೇ ನಿಂತುಹೋಯಿತು.

ನಿಂತ ಜಾಗದಿಂದ ಸ್ವರ ಮುಂದುವರಿಯಿತು. ಬಾಗಿಲ ಕಡೆಯಿಂದ. ಸ್ವಲ್ಪ ಒರಟು, ಸ್ವಲ್ಪ ಧೂಳು ಹಿಡಿದಂತೆ... ಅಕ್ಕನದು. ಕುಳಿತಲ್ಲೇ, ಕಣ್ಣು ಮುಚ್ಚಿ. ನಾವೆಲ್ಲ ಉಸಿರೆಳೆದು ಸೇರಿಕೊಳ್ಳುವವರೆಗೂ ಬಿಡಲಿಲ್ಲ.

ಮುಗಿದ ಮೇಲೆ ರೆಕಾರ್ಡಿಂಗಿನವನು ಹೆಡ್‌ಫೋನ್ ತೆಗೆದ. "ಬಾಗಿಲ ಹತ್ತಿರ ಯಾರು ಹಾಡಿದ್ದು? ಮೈಕಿಗೆ ಸರಿಯಾಗಿ ಬಿದ್ದಿಲ್ಲ. ಇನ್ನೊಂದು ಸಲ ತಗೋಬೇಕು."

ಅಕ್ಕ ಎದ್ದಳು. ಹೊರಟಳು, ಮುಗಿಯಿತು, ಇನ್ನು ಈ ಜನ್ಮದಲ್ಲಿ... ಬ್ಯಾಗು ಕುರ್ಚಿ ಮೇಲಿಟ್ಟು ನಮ್ಮ ಸಾಲಿಗೆ ಬಂದಳು.

"ಇವರಿಬ್ಬರ ಮರ್ಯಾದೆ ನೆಚ್ಚಿಕೊಂಡರೆ ಹಾಡು ಉಸಿರುಕಟ್ಟಿ ಸಾಯುತ್ತೆ. ಸ್ವಲ್ಪ ಸರಿಯೇ ಆಚೆ."

ಸರಿದೆ. ನಡುವೆ ನಿಂತಳು.

ಮಾರ್ಚ್ 15, ಬೆಳಿಗ್ಗೆ

ಮೇಡಂ ಫೋನು. ಅಕ್ಕನೇ ಎತ್ತಿದಳು. "ಹಾಕಿ ಮೇಡಂ. ಪೂರ್ತಿ ಹೆಸರು. ಮುಂದೆ ನರ್ಸ್ ಅಂತಾನೂ ಹಾಕಿ." ಆಮೇಲೆ ನನ್ನ ಮುಖ ನೋಡಿದಳು. ಫೋನು ನನ್ನ ಕಡೆ ಚಾಚಿದಳು.

"ಮೇಡಂ... ನನ್ನದೂ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತಂತೆ.

ಫೋನಿಟ್ಟಾಗಿನಿಂದ ಬೇರೆ ಚಿಂತೆ. ನನ್ನ ಹೆಸರನ್ನು ಎಲ್ಲರೂ ತಪ್ಪಾಗಿಯೇ ಬರೆಯುತ್ತಾರೆ. ಅಚ್ಚಾದ ಮೇಲೆ ತಿದ್ದಲಾಗುತ್ತದೆಯೇ? ಇಲ್ಲ, ಈಗಲೇ ಫೋನು ಮಾಡಿ ಒಂದೊಂದೇ ಅಕ್ಷರ ಹೇಳಿಬಿಡುತ್ತೇನೆ. ಮೊದಲನೆಯದು—