ಒಂದು ಹೆಬ್ಬೆರಳು ಹೆಚ್ಚು ಅಗಲವಾದ ಕಾರಿನ ಪರವಾಗಿ

ವಾಹನ ತಪಾಸಣಾ ಕಚೇರಿಯಲ್ಲಿ ಅಳತೆ ಟೇಪು ಹಿಡಿದು ನಿಲ್ಲುವ ಮಾನ್ಯರೇ,

ಕಳೆದ ಮಂಗಳವಾರ ತಾವು ನನ್ನ ಕಾರನ್ನು ದಪ್ಪ ಎಂದು ತೀರ್ಮಾನಿಸಿದಿರಿ. ಚಿಕ್ಕ ಕಾರು ಎನ್ನಿಸಿಕೊಳ್ಳಲು ಸರ್ಕಾರ ಇಟ್ಟಿರುವ ಅಗಲದ ಮಿತಿಯನ್ನು ಅದು ಒಂದು ಹೆಬ್ಬೆರಳಿನಷ್ಟು ಮೀರಿದೆ, ಆದ್ದರಿಂದ ಅದು ಇನ್ನು ಮುಂದೆ ದೊಡ್ಡ ಕಾರು. ದೊಡ್ಡ ಕಾರಿಗೆ ಹೊಸ ನಂಬರು ಬೇಕು. ಹೊಸ ನಂಬರು ಬಂದ ಮೇಲೆ ಹಳೆಯ ಪ್ಲೇಟನ್ನು ಬಿಚ್ಚಿ ಕಚೇರಿಗೆ ಒಪ್ಪಿಸಬೇಕು, ಕಚೇರಿ ಅದಕ್ಕೆ ತೂತು ಹೊಡೆದು ಗುಜರಿಗೆ ಹಾಕುತ್ತದೆ. ಇದಿಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಸೊಂಟ ಬಾಗಿಸಿ ನಮಸ್ಕರಿಸಿ, ನನ್ನ ಹಿಂದಿದ್ದ ಕಾರನ್ನು ಕರೆದಿರಿ. ಬೈದಿದ್ದರೆ ಜಗಳವಾಡಬಹುದಿತ್ತು. ನಮಸ್ಕಾರ ಮಾಡಿದವರ ಜೊತೆ ಏನು ಮಾಡುವುದು? ಆದ್ದರಿಂದ ನಮ್ಮೂರ ಪತ್ರಿಕೆಯ ಮೂಲಕ, ನಾಲ್ಕು ಜನ ಓದುವ ಹಾಗೆ ಕೇಳುತ್ತಿದ್ದೇನೆ: ಒಂದು ಹೆಬ್ಬೆರಳಿಗಾಗಿ ಒಂದು ನಂಬರಿನ ಜೀವ ತೆಗೆಯುವುದು ನ್ಯಾಯವೇ?

ಇದೇ ಪ್ರಶ್ನೆಯನ್ನು ನನ್ನ ಹೆಂಡತಿ ಮಿತ್ಸುಯೊಗೂ ಕೇಳಿದೆ. "ನ್ಯಾಯಾನೇ ಕಣ್ರೀ," ಎಂದಳು. ಆದರೂ ಪತ್ರ ಮುಂದುವರಿಸುತ್ತೇನೆ.

ನಾನು ಬಂದರು ಬೀದಿಯ ಕ್ಷೌರದಂಗಡಿಯವನು. ತಮ್ಮ ಕಚೇರಿಯವರೇ ಎಷ್ಟೋ ಮಂದಿ ನನ್ನ ಮುಂದೆ ತಲೆ ತಗ್ಗಿಸಿ ಕೂತು ಎದ್ದು ಹೋಗಿದ್ದಾರೆ. ಕಾರುಗಳ ಬಗ್ಗೆ ನನಗಿರುವ ಅರ್ಹತೆ ಎಂದರೆ, ಅರವತ್ತು ದಾಟಿದರೂ ಇಳಿಯದ ಒಂದು ಹುಚ್ಚು. ಹಳೆಯ ಸೆಡಾನೊಂದು ರಸ್ತೆಯಲ್ಲಿ ಹೋದರೆ ಕತ್ತರಿ ಕೈಯಲ್ಲೇ ಹಿಡಿದು ಬಾಗಿಲಿಗೆ ಓಡುತ್ತೇನೆ. ಕುರ್ಚಿಯಲ್ಲಿ ಕೂತವರು ಪಾಪ, ಒಂದು ಕಿವಿಯ ಕಡೆ ಉದ್ದ ಕೂದಲು, ಇನ್ನೊಂದು ಕಡೆ ಗಿಡ್ಡ ಇಟ್ಟುಕೊಂಡು ಕಾಯುತ್ತಾರೆ.

ಈ ಕಾರು ನನಗೆ ಬಂದದ್ದು ನಮ್ಮ ಬೀದಿಯ ಫುಸಾಯೆ ಅಜ್ಜಿಯಿಂದ. ಅಜ್ಜಿಯ ಗಂಡ ಸದಾಕಿಚಿ, ಬೊಂಡಾಸ್ ಮೀನು ಹಿಡಿಯುವ ದೋಣಿಯಲ್ಲಿದ್ದವರು. ದೋಣಿ ದಡ ಸೇರಿದ ಮೇಲೆ ಸ್ನಾನಕ್ಕೂ ಕಾಯದೆ, ಮೈಯೆಲ್ಲ ಮೀನು ನಾರುತ್ತಿದ್ದಂತೆಯೇ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮುದ್ರದ ರಸ್ತೆಯಲ್ಲಿ ಒಂದು ಸುತ್ತು ಹೊಡೆಯುತ್ತಿದ್ದರು. ಬೀದಿಯ ಮಕ್ಕಳು "ಇಪ್ಪತ್ತೇಳು ಹದಿನಾಲ್ಕು ಬಂತು" ಎಂದು ಕೂಗುತ್ತಿದ್ದೆವು. ಹೌದು, ಆ ಮಕ್ಕಳಲ್ಲಿ ನಾನೂ ಒಬ್ಬ. ಕಾರಿನ ಕಂಪನಿ ಯಾವುದೆಂದು ನಮಗೆ ಬೇಕಿರಲಿಲ್ಲ, ಆ ನಂಬರೇ ಅದರ ಹೆಸರು. ಗಂಡ ತೀರಿಕೊಂಡ ಮೇಲೆ ಕಾರು ಬಲೆ ಇಡುವ ಕೊಟ್ಟಿಗೆ ಸೇರಿತು. ಅಜ್ಜಿಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಪ್ರತಿ ಮೇ ತಿಂಗಳು ಅದರ ತೆರಿಗೆ ಕಟ್ಟುತ್ತಲೇ ಬಂದರು. ತೆರಿಗೆಯ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಒಮ್ಮೆ ಒಳ್ಳೆಯ ಮನಸ್ಸಿನಿಂದಲೇ, "ಓಡದ ಕಾರಿಗೆ ಯಾಕಜ್ಜಿ ಕಟ್ತೀರ? ಪ್ಲೇಟ್ ವಾಪಸ್ ಕೊಟ್ಬಿಡಿ, ತೆರಿಗೇನೂ ನಿಲ್ಲತ್ತೆ," ಎಂದಳಂತೆ.

"ನಮ್ಮ ಯಜಮಾನ್ರೂ ಈಗ ಓಡಾಡಲ್ಲ ಕಣಮ್ಮ," ಎಂದರಂತೆ ಅಜ್ಜಿ. "ಅವರ ಸಮಾಧಿಗೆ ಅಂತ ದೇವಸ್ಥಾನಕ್ಕೆ ಕಟ್ತೀನಿ. ಇದಕ್ಕೆ ನಿಮಗೆ ಕಟ್ತೀನಿ. ನೀನು ರಸೀದಿ ಕೊಡು."

ಆ ಪ್ಲೇಟು ಎಂಥದೆಂದು ತಮಗೆ ಹೇಳಬೇಕಿಲ್ಲ, ಓದುವವರಿಗೆ ಹೇಳುತ್ತೇನೆ. ಈಗಿನ ಪ್ಲೇಟುಗಳಲ್ಲಿ ಊರ ಹೆಸರಿನ ಪಕ್ಕ ಮೂರು ಅಂಕಿ ಇರುತ್ತವೆ. ಆ ಕಾಲದವುಗಳಲ್ಲಿ ಒಂದೇ. ಕಾರು ಬೇರೆ ಕಚೇರಿಯ ವ್ಯಾಪ್ತಿಗೆ ಹೋದರೆ ಆ ಒಂಟಿ ಅಂಕಿ ಹೋಯಿತು, ಹೋದದ್ದನ್ನು ಸರ್ಕಾರ ಮತ್ತೆ ಕೊಡುವುದಿಲ್ಲ. ಅಂಥದೇ ಪ್ಲೇಟಿರುವ ನನ್ನ ಗಿರಾಕಿಯೊಬ್ಬರು ಬೇರೆ ಊರಿಗೆ ವರ್ಗದ ಜೊತೆ ಬಡ್ತಿ ಬಂದರೂ ಬೇಡವೆಂದು ಇಲ್ಲೇ ಕೂತಿದ್ದಾರೆ. ಮೇಲಧಿಕಾರಿಗಳಿಗೆ ತಾಯಿಯ ಆರೋಗ್ಯ ಸರಿಯಿಲ್ಲ ಎಂದು ಹೇಳಿದ್ದಾರೆ. ತಾಯಿ ಗಟ್ಟಿಮುಟ್ಟಾಗಿದ್ದಾರೆ, ಅವರು ವರ್ಗ ಬೇಡವೆಂದದ್ದು ಪ್ಲೇಟಿಗಾಗಿ.

ನನಗೆ ಕಾರು ಒಪ್ಪಿಸುವಾಗ ಅಜ್ಜಿ ಹೇಳಿದ ಮಾತು ಇಷ್ಟೇ: "ನಂಬರ್ ಮಾತ್ರ ಮುಟ್ಬೇಡ ಕಣಯ್ಯ. ಉಳಿದದ್ದು ನಿನ್ನಿಷ್ಟ. ಸರಿ ಹೋದ್ಮೇಲೆ ಒಂದ್ಸಲ ನನ್ನ ಕೂರಿಸ್ಕೊಂಡು ಸಮುದ್ರದ ರಸ್ತೇಲಿ ಕರ್ಕೊಂಡು ಹೋಗು. ನಂಗೂ ವಯಸ್ಸಾಯ್ತು, ತೀರಾ ನಿಧಾನ ಮಾಡ್ಬೇಡ."

ಮುಟ್ಟಬಾರದ್ದು ಒಂದೇ ಒಂದು. ಮಾನ್ಯರೇ, ಅದು ಉಳಿಯುವ ಹಾಗೆ ನೋಡಿಕೊಳ್ಳುವುದಕ್ಕೆ ಎಷ್ಟು ಬುದ್ಧಿ ಬೇಕು?

ಕೊಟ್ಟಿಗೆಯಿಂದ ಹೊರಗೆಳೆದಾಗ ಅದನ್ನು ಕಾರು ಎನ್ನಲು ಧೈರ್ಯ ಬೇಕಿತ್ತು. ತಪ್ಪು ಕಂಪನಿಯದಲ್ಲ, ಹೆಸರು ಹೇಳುವುದೂ ಬೇಡ. ನೀಗಾತದ ಈ ಕರಾವಳಿಯ ಉಪ್ಪುಗಾಳಿಗೆ ದೇವಸ್ಥಾನದ ಗಂಟೆಯೇ ತಡೆಯುವುದಿಲ್ಲ. ಬಾಗಿಲ ಕೆಳಗೆ ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಟಿಂಕರಿಂಗ್ ಶೆಡ್ ಇಟ್ಟಿರುವ ನನ್ನ ಗೆಳೆಯ ಮುನೆಯೋಷಿ ಕಾರಿನ ನೆಲವನ್ನು ಒಮ್ಮೆ ತುಳಿದು ನೋಡಿದ. ಅವನ ಕಾಲು ಕೆಳಗಿನ ಹುಲ್ಲು ಮುಟ್ಟಿತು. "ಲೋ, ಇದು ಕಾರಲ್ಲ ಕಣೋ, ಕಾರಿನ ಆಕಾರದಲ್ಲಿ ನಿಂತಿರೋ ತುಕ್ಕು," ಎಂದ. ಆದರೆ ಅವನ ಕಣ್ಣೂ ಹೊಳೆಯುತ್ತಿತ್ತು. ಅವನೂ ನಮ್ಮ ಜಾತಿಯವನೇ.

ಅಂಗಡಿಗೆ ಸೋಮವಾರ ರಜ. ಎಷ್ಟೋ ಸೋಮವಾರಗಳು ಆ ಶೆಡ್ಡಿನಲ್ಲಿ ಕಳೆದವು. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದೆವು, ಎಂಜಿನ್ ಬಿಚ್ಚಿ ತೊಳೆದೆವು, ಬ್ರೇಕಿನ ಕೊಳವೆಗಳನ್ನು ಪೂರ್ತಿ ಬದಲಿಸಿದೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಎಂಜಿನ್ ಮೊದಲ ಸಲ ಗುರ್ ಎಂದ ದಿನ ನನ್ನೊಳಗೆ ಯಾರೋ ಹದಿನೆಂಟರ ಪೋಲಿ ಎದ್ದು ಕೂತ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸಿದೆ. ಅಗಲದ ಚಕ್ರ ತರಿಸಿದೆ. ಚಕ್ರ ಹೊರಗೆ ಚಾಚಿಕೊಂಡಿದ್ದರಿಂದ ಅದನ್ನು ಮುಚ್ಚಲು ಉಬ್ಬಿದ ಮಡ್‌ಗಾರ್ಡು ಬೇಕಾಯಿತು. ಆಗ ಅಗಲ ಅಳೆದು ನೋಡಬೇಕಿತ್ತು ಎಂದು ತಾವು ಹೇಳುವಿರಿ. ಅಳೆಯಲಿಲ್ಲ. ಇಷ್ಟು ವರ್ಷ ಸ್ಕೇಲಿಲ್ಲದೆ ಊರಿನ ಗಂಡಸರ ಕಿವಿ ಪಕ್ಕದ ಕೃದಾ ಸಮ ಮಾಡಿದವನಿಗೆ ಟೇಪು ಯಾಕೆ ಎಂದುಕೊಂಡೆ. ಕಣ್ಣಳತೆಯಲ್ಲಿ ಮುಗಿಸಿದೆ.

ಮಿತ್ಸುಯೊ ಊಟದ ಡಬ್ಬಿ ತಂದವಳು ಕಾರಿನ ಸುತ್ತ ಒಂದು ಸುತ್ತು ಬಂದಳು.

"ಇದಕ್ಕೇನ್ರೀ ಕೆನ್ನೆ ಊದಿಕೊಂಡಿದೆ? ಹಲ್ಲು ನೋವಾ?"

"ಇದು ಸ್ಟೈಲು. ನಿನಗೆ ಅರ್ಥ ಆಗಲ್ಲ."

"ಅಜ್ಜಿಗೆ ಅರ್ಥ ಆಗತ್ತಾ?"

ಡಬ್ಬಿಯಿಂದ ಒಂದು ಅನ್ನದ ಉಂಡೆ ತೆಗೆದು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ತುಂಬಿದ ಬಾಯಿಯೇ ನೆಪವಾಯಿತು.

ಇನ್ನು ನನ್ನ ಮೂರ್ಖತನದ ತುತ್ತತುದಿಗೆ ಬರುತ್ತೇನೆ. ತಮ್ಮ ತಪಾಸಣೆಗೆ ಬರುವ ಮುನ್ನ ನಮ್ಮಂಥವರೆಲ್ಲ ಏನು ಮಾಡುತ್ತಾರೆಂದು ತಮಗೂ ಗೊತ್ತು, ತಮಗೆ ಗೊತ್ತೆಂದು ನಮಗೂ ಗೊತ್ತು. ತಪಾಸಣೆಗೆ ಹಿಂದಿನ ವಾರಾಂತ್ಯದಲ್ಲಿ ಊರಿನ ಪೋಲಿ ಕಾರುಗಳೆಲ್ಲ ಸಾಧು ವೇಷ ಹಾಕುತ್ತವೆ. ಅಬ್ಬರದ ಸೈಲೆನ್ಸರ್ ಇಳಿದು ಮೆತ್ತನೆಯದು ಏರುತ್ತದೆ, ಅಗಲದ ಚಕ್ರ ಹಾಸಿಗೆ ಮಡಿಸಿಡುವ ಕಪಾಟು ಸೇರುತ್ತದೆ, ಸ್ಪ್ರಿಂಗ್ ಎತ್ತರವಾಗುತ್ತದೆ. ತಪಾಸಣೆ ಮುಗಿದ ಸಂಜೆಯೇ ಎಲ್ಲವೂ ಸ್ವಸ್ಥಾನಕ್ಕೆ ಮರಳುತ್ತವೆ. ಎರಡು ವರ್ಷಕ್ಕೊಮ್ಮೆ ಬರುವ ಈ ಹಬ್ಬವನ್ನು ನಾವು ಶ್ರದ್ಧೆಯಿಂದ ಆಚರಿಸುತ್ತೇವೆ. ಮುನೆಯೋಷಿ ನನಗೂ ಹೇಳಿದ: "ಮಡ್‌ಗಾರ್ಡ್ ಬೋಲ್ಟಲ್ಲಿ ಕೂರ್ಸೋಣ ಕಣೋ, ಬಿಚ್ಚೋಕೆ ಬರಂಗಿರ್ಲಿ."

"ಬೋಲ್ಟ್ ಕಂಡ್ರೆ ಅಂದ ಕೆಡತ್ತೆ. ಒಳಗಿನ ತಗಡು ಕತ್ತರಿಸಿ ಬೆಸೆದ್ಬಿಡು," ಎಂದೆ.

"ತಪಾಸಣೆಗೆ?"

"ಹೀಗೇ ಹೋಗ್ತೀನಿ. ಕೆಲಸ ಬಲ್ಲವರು ನೋಡ್ಲಿ."

ಇದನ್ನು ಪ್ರಾಮಾಣಿಕತೆ ಎಂದು ತಾವು ತಪ್ಪು ತಿಳಿಯಬಾರದು. ಊರೆಲ್ಲ ವೇಷ ಹಾಕುವಾಗ ನಾನೊಬ್ಬ ಇದ್ದ ಹಾಗೆ ಬಂದದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ. ತಾವು ಒಂದು ಕ್ಷಣ ಟೇಪು ಬದಿಗಿಟ್ಟು "ಚೆನ್ನಾಗಿ ಮಾಡಿದ್ದೀರಿ" ಎನ್ನುತ್ತೀರಿ ಎಂಬ ಆಸೆಯಿಂದ. ಅದಕ್ಕಾಗಿ ಹೊಸ ಅಂಗಿ ಬೇರೆ ತೊಟ್ಟು ಬಂದಿದ್ದೆ.

ತಾವು ಹೇಳಿದ್ದು ಬೇರೆ. ಅಳೆದಿರಿ, ಮತ್ತೊಮ್ಮೆ ಅಳೆದಿರಿ, ಪ್ಲೇಟನ್ನು ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಆಮೇಲೆ ಧ್ವನಿ ತಗ್ಗಿಸಿ ಕೇಳಿದಿರಿ: "ಈ ಮಡ್‌ಗಾರ್ಡು ಬಿಚ್ಚೋಕೆ ಬರೋ ಅಂಥದಾ?"

ಅದು ತಾವು ನನಗೆ ಎಸೆದ ಹಗ್ಗ ಎಂದು ಈಗ ತಿಳಿಯುತ್ತದೆ. ಹೌದು ಎಂದಿದ್ದರೆ "ಹೋಗಿ ಬಿಚ್ಚಿಕೊಂಡು ಬನ್ನಿ" ಎನ್ನುತ್ತಿದ್ದಿರಿ. ನಾನು ಎದೆ ಉಬ್ಬಿಸಿ ಹೇಳಿದ್ದು ತಮಗೆ ನೆನಪಿರಬಹುದು.

"ಇಲ್ಲ ಸಾರ್. ಒಳಗಿನ ತಗಡು ಪೂರ್ತಿ ತೆಗೆದು ಬೆಸೆದಿದ್ದೀನಿ. ಭೂಕಂಪ ಆದ್ರೂ ಅಲ್ಲಾಡಲ್ಲ."

ತಾವು ಬರೆದುಕೊಂಡಿರಿ.

ಈಗ ವಾದಕ್ಕೆ ಬರೋಣ, ವಾದವಿಲ್ಲದೆ ಬಹಿರಂಗ ಪತ್ರ ಹೇಗಾದೀತು? ಕಾರು ಒಂದು ಹೆಬ್ಬೆರಳು ಅಗಲವಾದರೆ ಅದು ಬೇರೆ ಕಾರಾಗುತ್ತದೆಯೇ? ನನ್ನ ಸೊಂಟ ಮದುವೆಯಾದಾಗಿನಿಂದ ಅದಕ್ಕಿಂತ ಬಹಳ ಹೆಚ್ಚೇ ಬೆಳೆದಿದೆ. ಯಾರೂ ನನ್ನ ಹೆಸರು ಕಿತ್ತುಕೊಂಡು ಹೊಸದು ಕೊಟ್ಟಿಲ್ಲ. ಊದಿದ ಕೆನ್ನೆ ರಸ್ತೆಗೆ ಅಪಾಯವೆಂದಾದರೆ ಹೊಸ ನಂಬರು ಹಾಕಿಕೊಂಡ ಕೂಡಲೇ ಆ ಅಪಾಯ ಎಲ್ಲಿಗೆ ಹೋಗುತ್ತದೆ? ಇಷ್ಟು ವರ್ಷ ಓಡದ ಕಾರಿಗೆ ತೆರಿಗೆ ತೆಗೆದುಕೊಳ್ಳುವಾಗ ಯಾರೂ ಟೇಪು ಹಿಡಿದು ಬಲೆಯ ಕೊಟ್ಟಿಗೆಗೆ ಬರಲಿಲ್ಲವಲ್ಲ? ಇವೆಲ್ಲ ಬಹಳ ಒಳ್ಳೆಯ ಪ್ರಶ್ನೆಗಳು. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಮುಂದೆ ಕೇಳಿದಾಗ ನಾಲ್ವರೂ ತಲೆದೂಗಿದರು. ನನ್ನ ಕೈಯಲ್ಲಿ ರೇಜರ್ ಇತ್ತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಲೆದೂಗದವರು ಒಬ್ಬರೇ. ಫುಸಾಯೆ ಅಜ್ಜಿ ತಿಂಗಳಿಗೊಮ್ಮೆ ಮುಖದ ನವಿರು ಕೂದಲು ತೆಗೆಸಿಕೊಳ್ಳಲು ಬರುತ್ತಾರೆ. ತಪಾಸಣೆಯ ಮರುದಿನವೂ ಬಂದರು. ವಿಷಯ ಹೇಳಲು ನನಗೆ ಧೈರ್ಯ ಬಂದದ್ದು ಅವರ ಮುಖದ ಮೇಲೆ ಬಿಸಿ ಟವೆಲು ಹೊದಿಸಿದ ಮೇಲೆ. ಕಾನೂನು, ಅಗಲ, ತಮ್ಮ ಕಲ್ಲು ಹೃದಯ, ಎಲ್ಲವನ್ನೂ ಟವೆಲಿಗೆ ವಿವರಿಸಿದೆ. ಅಜ್ಜಿ ತಾವೇ ಟವೆಲು ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

"ಆ ಅಧಿಕಾರಿ ಅಳತೆ ತಪ್ಪಿದ್ರಾ?"

"ಇಲ್ಲ ಅಜ್ಜಿ."

"ಮತ್ತೆ ಅವರನ್ನ ಯಾಕೆ ಬೈತೀಯ?"

ಅಜ್ಜಿ ಕುರ್ಚಿಯಿಂದ ಇಳಿದು ಚಪ್ಪಲಿ ಹುಡುಕಿದರು.

"ತುಕ್ಕು ಹಿಡಿದು ಬಿದ್ದಿದ್ದಾಗ್ಲಾದ್ರೂ ಅದು ನಮ್ಮ ಕಾರಾಗಿತ್ತು. ನಂಬರ್ ಹೋದ್ರೆ ಅದು ನಿಂದು. ಚೆನ್ನಾಗೇ ಇರತ್ತೆ, ನೀನು ಓಡ್ಸು. ನಿನ್ನ ಕಾರಲ್ಲಿ ನಾನ್ಯಾಕಪ್ಪಾ ಕೂರ್ಲಿ?"

ಕೋಪದಿಂದ ಹೇಳಲಿಲ್ಲ. ಇನ್ನೊಬ್ಬರ ಸಾಮಾನು ತಪ್ಪಿ ಮನೆಗೆ ಬಂದರೆ ಹಿಂದಿರುಗಿಸುವಾಗ ಹೇಳುತ್ತೇವಲ್ಲ, ಆ ಧ್ವನಿ. ನನಗೆ ನಾಚಿಕೆಯಾಯಿತು. ಇಷ್ಟು ದಿನ ತುಕ್ಕು ತೆಗೆದದ್ದು ಯಾರಿಗಾಗಿ ಎಂದು ನಾನು ನನ್ನನ್ನು ಕೇಳಿಕೊಂಡೇ ಇರಲಿಲ್ಲ. ಉಪ್ಪುಗಾಳಿ ಇಷ್ಟು ವರ್ಷ ಮುಟ್ಟದೆ ಬಿಟ್ಟದ್ದಕ್ಕೆ ನಾನು ಕೈ ಹಾಕಿದ್ದೆ.

ಅಂದೇ ಅಂಗಡಿ ಮುಚ್ಚಿ ಶೆಡ್ಡಿಗೆ ಹೋದೆ. ಭೂಕಂಪಕ್ಕೂ ಅಲ್ಲಾಡದ ಮಡ್‌ಗಾರ್ಡು ಗ್ರೈಂಡರಿಗೆ ಅಲ್ಲಾಡಿತು, ಆದರೆ ಬಹಳ ಹಟ ಮಾಡಿತು. ಬೆಸುಗೆ ಹಾಕಿದವನು ಮುನೆಯೋಷಿ, ಬೈದವನೂ ಅವನೇ. ಕತ್ತರಿಸಿ ಎಸೆದ ಹಳೆಯ ಅಂಚು ಈಗ ಎಲ್ಲಿಯೂ ಸಿಗುವುದಿಲ್ಲ. ತಗಡನ್ನು ಮರದ ದಿಮ್ಮಿಯ ಮೇಲಿಟ್ಟು ಬಡಿದು ಬಡಿದು ಬಾಗಿಸಿ ಕೂರಿಸಿದ್ದೇವೆ. ಬಲಗಡೆಯದು ಸುಮಾರಾಗಿ ಬಂದಿದೆ. ಎಡಗಡೆಯದರ ಬಗ್ಗೆ ಮಾತಾಡದಿರುವುದೇ ಮರ್ಯಾದೆ. ಅಗಲದ ಚಕ್ರ ಇಳಿಯಿತು, ಕತ್ತರಿಸಿದ ಸ್ಪ್ರಿಂಗ್ ತೆಗೆದು ಬೇರೆಯದು ಹಾಕಿದ ಮೇಲೆ ಕಾರೂ ಮೊದಲಿನ ಎತ್ತರಕ್ಕೆ ಬಂತು. ಬಣ್ಣ ಹಾಕಲು ಸಮಯವಿಲ್ಲದ್ದರಿಂದ ಅಲ್ಲಲ್ಲಿ ಬೂದು ಪ್ರೈಮರ್ ಹಾಗೇ ಕಾಣುತ್ತಿದೆ. ಇಂಥ ಕಾರು ರಸ್ತೆಯಲ್ಲಿ ಹೋದರೆ ನಾನೂ ಕತ್ತರಿ ಹಿಡಿದು ಬಾಗಿಲಿಗೆ ಓಡುವುದಿಲ್ಲ. ಈ ಸಲ ಟೇಪು ಹಿಡಿದು ಅಳೆದಿದ್ದೇನೆ. ನಾನು ಅಳೆದದ್ದರ ಮೇಲೆ ನನಗೆ ನಂಬಿಕೆಯಿಲ್ಲದೆ ಮಿತ್ಸುಯೊಳಿಂದಲೂ ಅಳೆಸಿದ್ದೇನೆ.

ಅವಳ ಹೊಲಿಗೆ ಪೆಟ್ಟಿಗೆಯ ಟೇಪು ಅದು, ಹೆಚ್ಚು ಕಡಿಮೆ ಇರಬಹುದು. ಮಿತಿಯ ಒಳಗಿದ್ದೇವೆ, ಕೂದಲೆಳೆಯಷ್ಟು.

ಆದ್ದರಿಂದ ಮಾನ್ಯರೇ, ಬರುವ ಮಂಗಳವಾರ ಮತ್ತೆ ಬರುತ್ತಿದ್ದೇನೆ. ನನ್ನ ಬೇಡಿಕೆ ಒಂದೇ, ಅದು ಅಗಲದ ಬಗ್ಗೆ ಅಲ್ಲ. ಟೇಪನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೋ ಹಿಡಿಯಿರಿ. ಸಡಿಲ ಮಾಡಿದಿರೆಂದು ಗೊತ್ತಾದರೆ ಅಜ್ಜಿ ಒಪ್ಪುವುದಿಲ್ಲ. ನಾನು ಕೇಳುವುದು ಒಂದು ಕುರ್ಚಿ. ತಪಾಸಣೆಯ ಸಾಲಿನೊಳಗೆ ಓಡಿಸುವವನ ಹೊರತು ಬೇರೆಯವರು ಬರುವಂತಿಲ್ಲ, ಜೊತೆಗೆ ಬಂದವರು ಆಚೆ ಕಾಯುವ ಕೋಣೆಯಲ್ಲಿ ಕೂರಬೇಕು ಎಂಬುದು ತಮ್ಮ ನಿಯಮ. ಆ ಕೋಣೆಯಿಂದ ಕಾರು ಹೊರಬರುವ ಬಾಗಿಲು ಕಾಣುವುದಿಲ್ಲ. ಫುಸಾಯೆ ಅಜ್ಜಿ ತಾವೇ ಬಂದು ನೋಡುತ್ತಾರಂತೆ. "ನಿನ್ನ ಮಾತು ಕೇಳಿಕೊಂಡು ಕೂತಿದ್ದು ಸಾಕು, ಕಣ್ಣಾರೆ ನೋಡ್ತೀನಿ," ಎಂದಿದ್ದಾರೆ. ಅವರ ಮಂಡಿ ಬಹಳ ಹೊತ್ತು ನಿಲ್ಲಲು ಬಿಡುವುದಿಲ್ಲ. ದಯವಿಟ್ಟು ಆ ಬಾಗಿಲ ಹತ್ತಿರ, ಪ್ಲೇಟು ಸರಿಯಾಗಿ ಕಾಣುವ ಕಡೆ, ಒಂದು ಕುರ್ಚಿ ಹಾಕಿಸಿ.

ಕಾರು ಅದೇ ನಂಬರಿನೊಂದಿಗೆ ಹೊರಬಂದರೆ ಅಜ್ಜಿ ಅದರಲ್ಲಿ ಕೂತು ಸಮುದ್ರದ ರಸ್ತೆಯಲ್ಲಿ ಮನೆಗೆ ಬರುತ್ತಾರೆ. ಇಲ್ಲವಾದರೆ ಬಸ್ಸು. ತಮ್ಮ ಕಚೇರಿಯ ಎದುರು ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅಜ್ಜಿ ಆಗಲೇ ವಿಚಾರಿಸಿಟ್ಟುಕೊಂಡಿದ್ದಾರೆ.

ಇಂತಿ,
ತಮ್ಮ ಅಳತೆಯಲ್ಲಿ ಯಾವ ತಪ್ಪೂ ಕಾಣದೆ ಸೋತ,
ಯಾಸುಹೇ ಕುವಾಬಾರಾ
ಬಂದರು ಬೀದಿಯ ಕ್ಷೌರದಂಗಡಿ
(ಮಂಗಳವಾರ ಅಂಗಡಿ ಇರುವುದಿಲ್ಲ)