ಉಂಡವರ ಒಪ್ಪಿಗೆ

ಮಾನ್ಯ ವಿಚಾರಣಾಧಿಕಾರಿಗಳೇ,

ನಮ್ಮೂರ ಹೊಳೆದಂಡೆಯನ್ನು ಎಣ್ಣೆ ಮಿಲ್ಲಿನ ದಣಿಗಳಿಗೆ ಕೊಡುವುದಕ್ಕೆ ಊರಲ್ಲಿ ಯಾರ ತಕರಾರೂ ಇಲ್ಲವೆಂದು ಹೋದ ವಾರ ತಾವು ಬರೆದುಕೊಂಡು ಹೋದಿರಿ. ಅದು ನಿಜವಲ್ಲ. ತಕರಾರು ಇತ್ತು. ಅದರ ಬಾಯಲ್ಲಿ ಹೂರಣದ ಹೋಳಿಗೆ ಇತ್ತು, ಅಷ್ಟೆ. ಆ ಹೋಳಿಗೆ ಉಂಡವರಲ್ಲಿ ನಾನೂ ಒಬ್ಬ. ತಮ್ಮ ಎಡಗಡೆ ಕೂತು, ಕೈ ಅಡ್ಡ ಹಿಡಿಯದೆ ತುಪ್ಪ ಹಾಕಿಸಿಕೊಂಡ ಸರಕಾರಿ ಶಾಲೆಯ ಮಾಸ್ತರ ನಾನೇ. ಅರ್ಜಿ ಬರೆದರೆ ಅದು ತಮ್ಮ ಮೇಜಿಗೆ ಬರುವ ಮೊದಲು ದಣಿಗಳ ಪಡಸಾಲೆಗೆ ಹೋಗಿ ಬರುತ್ತದೆಂದು ಬಲ್ಲವರು ಹೇಳಿದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಾವು ನಿಜಾಮರ ಆಳ್ವಿಕೆ ಮುಗಿದ ಮೇಲೆ ಹೊರ ಪ್ರಾಂತದಿಂದ ಈ ಸೀಮೆಗೆ ಬಂದವರು. ಇಲ್ಲಿಯ ಒಂದು ರಿವಾಜು ತಮಗೆ ಗೊತ್ತಿರಲಿಕ್ಕಿಲ್ಲ. ಯಾದಗಿರಿಯಿಂದ ಸುರಪುರದವರೆಗೆ ಯಾವ ಊರಿಗೆ ಹೋದರೂ ಎಲೆಯ ತುದಿಗೆ ಮೊದಲು ಬೀಳುವುದು ಉಪ್ಪು. ಅದು ಬಿದ್ದ ಮೇಲೆ ಉಂಡವನು ಆ ಮನೆಗೆ ಎರಡು ಬಗೆಯುವಂತಿಲ್ಲ. ಬಗೆದರೆ ಅವನ ಮಗಳಿಗೆ ಗಂಡು ಸಿಗುವುದಿಲ್ಲ, ಅವನ ಮಾತಿಗೆ ಸಂತೆಯಲ್ಲಿ ಕಿಮ್ಮತ್ತು ಇರುವುದಿಲ್ಲ. ಬಡವರು ಬಡವರಿಗಾಗಿ ಮಾಡಿಕೊಂಡ ಒಳ್ಳೆಯ ಕಟ್ಟಳೆ ಇದು. ಇದರ ಬೆಲೆ ಚೆನ್ನಾಗಿ ತಿಳಿದವರು ಮಾತ್ರ ನಮ್ಮ ದಣಿಗಳು. ಹೊಳೆದಂಡೆಯ ವಿಚಾರಣೆಯನ್ನು ತಾವು ಅವರ ವಾಡೆಯಲ್ಲೇ ಇಟ್ಟಿರಿ. ಅವರು ಊರಿಗೆಲ್ಲ ಊಟ ಇಟ್ಟರು. ವಿಚಾರಣೆ ಯಾವಾಗ? ಊಟವಾದ ಮೇಲೆ, ಎಲೆಅಡಿಕೆ ಹಾಕಿಕೊಂಡು! ಇಂಥ ಮುಹೂರ್ತ ಇಟ್ಟುಕೊಟ್ಟ ಜೋಯಿಸರು ಯಾರು ಸಾಹೇಬರೇ, ತಾವೋ ಅವರೋ?

ದಣಿಗಳ ವಿಷಯ ತಮಗೆ ನಾನು ಹೇಳಬೇಕಾಗಿಲ್ಲ, ಅವರೇ ಹೇಳಿಕೊಂಡಿದ್ದಾರೆ. ನಿಜಾಮರ ಕಾಲದಲ್ಲಿ ಶೇರವಾನಿ ತೊಟ್ಟು ದರಬಾರಿಗೆ ಹೋಗುತ್ತಿದ್ದರು. ಈಗ ಖಾದಿ ಟೋಪಿ ಹಾಕಿಕೊಂಡು ತಮ್ಮ ಕಚೇರಿಗೆ ಬರುತ್ತಾರೆ. ಪಡಸಾಲೆಯ ಗೋಡೆಯಿಂದ ಹಿಂದಿನ ಪ್ರಭುಗಳ ಚಿತ್ರ ಇಳಿದು ಹೊಸಬರ ಚಿತ್ರ ಏರಿದೆ, ಮೊಳೆ ಮಾತ್ರ ಹಳೆಯದೇ. ಶಹಾಪುರ, ವಡಗೇರಾ ಕಡೆಯ ಬಂಡಿಗಳಲ್ಲಿ ಬರುವ ಔಡಲ, ಅಂದರೆ ಹರಳು ಬೀಜ, ಅವರ ಮಿಲ್ಲಿನಲ್ಲಿ ಎಣ್ಣೆಯಾಗಿ ಮುಂಬಯಿಗೆ ಹೋಗಿ, ಹಡಗು ಹತ್ತಿ, ಎಲ್ಲೋ ಯುದ್ಧ ಮಾಡುತ್ತಿರುವ ವಿಮಾನಗಳ ಹೊಟ್ಟೆಗೆ ಬೀಳುತ್ತದಂತೆ. ಅದರ ದರ ಕಟ್ಟುವವರು ಔಡಲದ ಗಿಡವನ್ನೇ ಕಂಡಿಲ್ಲ. ಯುದ್ಧ ಜೋರಾದರೆ ದಣಿಗಳಿಗೆ ಇನ್ನೊಂದು ಗೋದಾಮು ಬೇಕು, ಗೋದಾಮಿಗೆ ನಮ್ಮ ಹೊಳೆದಂಡೆ ಬೇಕು. ಅಂಬಿಗರ ಓಣಿಯವರು ನೀರಿಗಿಳಿಯುವ ದಾರಿ ಅದೊಂದೇ. ಬಲೆ ಒಣಗಿಸುವುದು, ಹರಿಗೋಲು ಕವುಚಿ ಹಾಕುವುದು, ಬೇಸಿಗೆಯಲ್ಲಿ ಕಲ್ಲಂಗಡಿ ಹಾಕುವುದು ಎಲ್ಲ ಅಲ್ಲೇ. ಅಲ್ಲೊಂದು ಗೋಡೆ ಎದ್ದರೆ ಭೀಮೆಯ ಮಗ್ಗುಲಲ್ಲೇ ಇದ್ದು ಅವರು ಹೊಳೆ ಇಲ್ಲದವರಾಗುತ್ತಾರೆ.

ಈ ಲೋಕವ್ಯವಹಾರ ನನಗೆ ಗೊತ್ತಿಲ್ಲದ್ದೇನಲ್ಲ, ನಾಚಿಕೆಯ ಮಾತು ಇದೇ. ಸಂಜೆ ಚಾವಡಿಯಲ್ಲಿ ಊರವರಿಗೆ ಪತ್ರಿಕೆ ಓದಿ ಹೇಳುವವನು ನಾನು. ಕಡಲಾಚೆಯ ಶ್ರೀಮಂತ ದೇಶ ನಮ್ಮ ಹಸಿವಿಗೆ ಗೋಧಿ ಕೊಡಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಚರ್ಚೆ ಮಾಡಿ, ಕೊನೆಗೆ ಹಡಗು ಕಳಿಸಿದ ಸುದ್ದಿಯನ್ನೂ ನಾನೇ ಓದಿದ್ದೆ. "ನೋಡ್ರಿ, ಗೋಧಿ ಜೋಡಿ ಬಾಯಿಗೆ ಬೀಗಾನೂ ಕಳಿಸ್ತಾರ. ದೊಡ್ಡವರು ಹೊಡದು ಆಳೂದು ಬಿಟ್ಟಾರ, ಉಣಿಸಿ ಆಳಾಕತ್ತಾರ" ಎಂದು ಕೈ ಎತ್ತಿ ಭಾಷಣ ಮಾಡಿದ್ದೆ. ಜನ ತಲೆದೂಗಿದ್ದರು. ಆಮೇಲೆ ನಾನೇ ಮಡಿಚಿಟ್ಟ ಧೋತರ ಉಟ್ಟು ದಣಿಗಳ ಪಂಕ್ತಿಗೆ ಹೋಗಿ ಕೂತೆ. ಲೋಕದ ಬಾಯಿಗೆ ಬೀಳುವ ಬೀಗ ಕಾಣುವ ಕಣ್ಣಿಗೆ ತನ್ನ ಎಲೆಯ ಮೇಲಿನ ಉಪ್ಪು ಕಾಣಲಿಲ್ಲವೇ ಎಂದು ತಾವು ಕೇಳಬಹುದು. ಕಂಡಿತ್ತು. ಹೋಳಿಗೆ ಬಿಸಿಯಾಗಿತ್ತು.

ಮುಂದಿನದು ತಾವೂ ಕಂಡದ್ದೇ, ಆದರೆ ತಮಗೆ ಅರ್ಥವಾಗಿರಲಿಕ್ಕಿಲ್ಲ. ತಮ್ಮ ಚಪರಾಸಿ ಲಾಡ್ಲೇಸಾಬ ನಡುಪಡಸಾಲೆಯಲ್ಲಿ ನಿಂತು, "ಯಾರದರ ತಕರಾರ ಐತೇನ್ರೆಪ್ಪಾ? ಇದ್ರ ಈಗ ಹೇಳ್ರಿ, ಹಿಂದಿಂದ ಗುಣುಗುಣು ಅನಬ್ಯಾಡ್ರಿ!" ಎಂದು ಕೂಗಿದ. ಅಂಬಿಗರ ಓಣಿಯ ಹಿರಿಯ ಅಮಾತೆಪ್ಪ ಅಂಗಳದ ಬೇರೆ ಪಂಕ್ತಿಯಲ್ಲಿ ಉಂಡು ಬಂದು ಬಾಗಿಲ ಬಳಿ ಕೂತಿದ್ದ. ಪಂಕ್ತಿ ಬೇರೆಯಾದರೂ ಉಪ್ಪು ಅದೇ ತಾನೆ? ಅವನು ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡು ತಲೆ ಕೆಳಗೆ ಹಾಕಿದ. ಅವನ ಓಣಿಯವರೆಲ್ಲ ಅವನನ್ನು ನೋಡಿ ತಾವೂ ತಲೆ ತಗ್ಗಿಸಿದರು. ಆಗ ಹೊರಗೆ ದೊಡ್ಡ ಬಾಗಿಲ ಹತ್ತಿರ ಹೆಂಗಸಿನ ದನಿ ಕೇಳಿತಲ್ಲ, ಅವಳು ಮೋನಮ್ಮ, ಅಮಾತೆಪ್ಪನ ಹೆಂಡತಿ. ಊಟಕ್ಕೆ ಕರೆದವರಿಗೆ, "ನಾ ಒಲ್ಯಾ. ಉಂಡ್ರ ಬಾಯಿ ಅವರದ ಆಗ್ತದ" ಎಂದು ಹಸಿದ ಹೊಟ್ಟೆಯಲ್ಲೇ ನಿಂತಿದ್ದಳು. ಒಳಗೆ ಬರಲು ಆಳುಗಳು ಬಿಡಲಿಲ್ಲ. ಅಲ್ಲಿಂದಲೇ ಕೂಗಿದಳು: "ಮಾಸ್ತರ, ನೀವರ ಹೇಳ್ರಿ! ದಿನಾ ಪೇಪರ ಓದಿ ಹೇಳ್ತೀರಲ್ರೀ!"

ಅದೇನು ಗದ್ದಲವೆಂದು ತಾವು ಕೇಳಿದಿರಿ. ದಣಿಗಳು ಮೀಸೆಯಲ್ಲೇ ನಕ್ಕು, "ಏನಿಲ್ರೀ ಸಾಹೇಬ್ರ, ಹೋಳಿಗಿ ಸಿಕ್ಕಿಲ್ಲಂತ ಸಿಟ್ಟಿಗೆದ್ದಾಳ" ಎಂದರು. ಪಡಸಾಲೆ ನಕ್ಕಿತು. ತಾವೂ ನಕ್ಕಿರಿ. ನಾನೂ ನಕ್ಕೆ. ಸಾಹೇಬರೇ, ಸುಮ್ಮನಿದ್ದದ್ದಕ್ಕೆ ಉಪ್ಪಿನ ನೆಪ ಹೇಳಬಲ್ಲೆ. ನಕ್ಕದ್ದಕ್ಕೆ ಏನು ಹೇಳಲಿ? ಯಾವ ರಿವಾಜೂ ನನಗೆ ನಗು ಎಂದಿರಲಿಲ್ಲ.

ಮರುದಿನ ಸಮಜಾಯಿಷಿ ಹೇಳಲೆಂದು ಅಂಬಿಗರ ಓಣಿಗೆ ಹೋದೆ. ಸರಕಾರಿ ನೌಕರ ನಾನು, ಬಾಯಿ ಬಿಟ್ಟರೆ ನೌಕರಿಗೆ ಕುತ್ತು, ಹೀಗೆ ಏನೇನೋ ಜೋಡಿಸಿಕೊಂಡಿದ್ದೆ. ಅಮಾತೆಪ್ಪ ಉಣ್ಣಲು ಕೂತಿದ್ದ. ಮೋನಮ್ಮ ರೊಟ್ಟಿ ಹಾಕಿ, ಮೀನಿನ ಸಾರು ಸುರಿದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಉಣ್ಣು," ಎಂದಳು. "ಒಂದಿನ ಉಂಡದ್ದಕ್ಕ ಅವನ ಉಪ್ಪಿಗಿ ಇಷ್ಟು ನಿಯತ್ತು ತೋರಿಸಿದಿ. ಲಗ್ನಾದಾಗಿಂದ ದಿನಾ ನನ್ನ ಉಪ್ಪು ಉಣ್ತಿ. ನನ್ನ ಸಲುವಾಗಿ ಒಂದರ ಮಾತ ಆಡಿದಿ ಏನು?"

ಅಮಾತೆಪ್ಪನ ಕೈ ತಾಟಿನಲ್ಲೇ ನಿಂತಿತು. "ಹೊಳಿ ಉಪ್ಪೂ ಉಂಡೀನಲ್ಲೇ" ಎಂದು ಅವನು ತನಗೇ ಎಂಬಂತೆ ಅಂದುಕೊಂಡ. ಅವಳು ನನ್ನತ್ತ ತಿರುಗಿ, ಸಿಟ್ಟಿಲ್ಲದೆ, "ಬರ್ರಿ ಮಾಸ್ತರ, ಕುಂದರ್ರಿ. ನಿಮಗ ಮೀನ ನಡಿಯಂಗಿಲ್ಲ, ರೊಟ್ಟಿ ಖಾರಬ್ಯಾಳಿ ಹಾಕ್ತೀನಿ" ಎಂದಳು. ದಣಿಗಳ ಮನೆಯಲ್ಲಿ ಅಡುಗೆ ಮಾಡಿದವರು ಯಾರೆಂದು ಕೇಳದ ನನಗೆ ಅಲ್ಲಿ ಥಟ್ಟನೆ ನನ್ನ ಜಾತಿ ನೆನಪಾಯಿತು. ಅದಕ್ಕೂ ನಾಚಿಕೆಯಾಯಿತು. ಕೂತು ಉಂಡೆ. ಈ ಪತ್ರ ಆ ರೊಟ್ಟಿಯ ಋಣ.

ಆದ್ದರಿಂದ ನಾನು ಕೇಳುವುದಿಷ್ಟು. ತಾವು ಬರೆದುಕೊಂಡ ಒಪ್ಪಿಗೆಯನ್ನು ರದ್ದು ಮಾಡಿರಿ. ವಿಚಾರಣೆ ಮತ್ತೊಮ್ಮೆ ನಡೆಯಲಿ, ವಾಡೆಯಲ್ಲಲ್ಲ, ಹೊಳೆಯ ಉಸುಕಿನ ಮೇಲೆ, ಬೆಳಿಗ್ಗೆ, ಯಾರೂ ಏನೂ ಉಣ್ಣುವ ಮೊದಲು. ಹೆಂಗಸರನ್ನು ಬಾಗಿಲಾಚೆ ನಿಲ್ಲಿಸುವ ಪ್ರಶ್ನೆಯೇ ಬರುವುದಿಲ್ಲ, ಅಲ್ಲಿ ಬಾಗಿಲೇ ಇಲ್ಲ. ದಣಿಗಳೂ ಬರಲಿ, ಬರಿಗೈಯಲ್ಲಿ. ತಾವು ಬುತ್ತಿ ಕಟ್ಟಿಕೊಂಡು ಬನ್ನಿರಿ. ಆ ದಿನ ತಾವೂ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡದ್ದನ್ನು ನಾನು ಬಲ್ಲೆ, ಅದಕ್ಕೆ ತಮ್ಮನ್ನು ಹಂಗಿಸುವ ಯೋಗ್ಯತೆ ನನಗಿಲ್ಲ. ಆದರೆ ತಿಂಗಳಿಗೊಮ್ಮೆ ತಮಗೂ ನನಗೂ ಬರುವ ಸಂಬಳದಲ್ಲಿ ಯಾರ ಉಪ್ಪಿದೆ? ಮೀನು ಹಿಡಿಯುವವರ, ಔಡಲ ಬಿಡಿಸುವವರ ಉಪ್ಪಲ್ಲವೇ? ಅದಕ್ಕೆ ನಾವಿಬ್ಬರೂ ಎಂದು ನಿಯತ್ತು ತೋರಿಸುವುದು?

ದಣಿಗಳು ನನ್ನನ್ನು ನಮಕ್ ಹರಾಮ ಎನ್ನುತ್ತಾರೆ. ವರ್ಗವನ್ನೂ ಮಾಡಿಸಬಹುದು, ಅವರ ಕೈ ಉದ್ದವಿದೆ. ಮಾಡಿಸಲಿ. ಎರಡು ಮನೆಗಳಲ್ಲಿ ಉಂಡಿದ್ದೇನೆ, ಒಂದಕ್ಕೆ ದ್ರೋಹ ಮಾಡದೆ ಗತ್ಯಂತರವಿಲ್ಲ. ಇಷ್ಟು ದಿನ ಸಣ್ಣ ಮನೆಗೆ ಮಾಡುತ್ತಿದ್ದೆ. ಈ ಸಲ ದೊಡ್ಡ ಮನೆಗೆ ಮಾಡಿದ್ದೇನೆ.

ಇಂತಿ,
ಉಂಡ ಮನೆಯ ಜಂತಿ ಎಣಿಸಿದ
ಬಸವಂತ್ರಾಯ ಮಾಸ್ತರ
ಭೀಮಾ ದಂಡೆ, ಯಾದಗಿರಿ ತಾಲೂಕು