ಮೂವತ್ತೆರಡನೆಯ ಮೊಳೆ

ಚಿಕ್ಕಬಳ್ಳಾಪುರ
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ತಾತ,

ನಿಮ್ಮ ಮೊಮ್ಮಗಳು ಮಹತಿಯ ನಮಸ್ಕಾರ. ಹೇಗಿದ್ದೀರಿ? ಸಕ್ಕರೆ ಎಷ್ಟಕ್ಕೆ ಇಳಿಯಿತು? ಪೊರೆಯ ಆಪರೇಷನ್ ಆದ ಬಲಗಣ್ಣಿನ ಉರಿ ಕಡಿಮೆಯಾಯಿತೇ? ಡ್ರಾಪ್ಸ್ ಹಾಕುವಾಗ ತಲೆ ಅಲ್ಲಾಡಿಸಿಬಿಡುತ್ತೀರಂತೆ, ಅರ್ಧ ಔಷಧಿ ಕೆನ್ನೆಯ ಪಾಲಾಗುತ್ತದಂತೆ. ಅತ್ತೆ ಫೋನಿನಲ್ಲಿ ಅಜ್ಜಿಯ ಹತ್ತಿರ ಹೇಳುತ್ತಿದ್ದರು. ಮೈಸೂರಿನಲ್ಲಿ ಬೆಳಗಿನ ಚಳಿ ಶುರುವಾಗಿದ್ದರೆ ಮಫ್ಲರ್ ಕಟ್ಟಿಕೊಳ್ಳಿ. ಶ್ರೀವಲ್ಲಿ ಅತ್ತೆ, ಇದನ್ನು ತಾತನಿಗೆ ಓದಿ ಹೇಳುತ್ತಿರುವುದು ನೀವೇ ಅಂತ ಗೊತ್ತು. ದಯವಿಟ್ಟು ಒಂದು ಸಾಲನ್ನೂ ಬಿಡಬೇಡಿ, ನಿಮ್ಮ ಮೇಲೆ ದೂರು ಬರುವ ಸಾಲನ್ನು ಕೂಡ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀರಿ. ಕಣ್ಣಿನ ಮಾತು ಎತ್ತಿದ ತಕ್ಷಣ ನೀವು ‘ಇರು, ನಿಮ್ಮತ್ತೆ ಕೈಗೆ ಕೊಡ್ತೀನಿ’ ಅಂತ ಫೋನ್ ದಾಟಿಸಿಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ, ಅದು ಆಗಲೇ ಅತ್ತೆಯ ಕೈಯಲ್ಲೇ ಇದೆ! ಇನ್ನೂ ಒಂದು ಕಾರಣ ಉಂಟು. ಐದನೇ ಕ್ಲಾಸಿನಿಂದ ಪಿಯುಸಿವರೆಗೆ ನನ್ನ ಹಾಸ್ಟೆಲಿಗೆ ನೀವು ವಾರಕ್ಕೊಂದು ಕಾಗದ ಬರೆದಿರಿ, ಮೂಲೆಯಲ್ಲಿ ಪೆನ್ಸಿಲಿನ ಒಂದು ಚಿತ್ರ ಇಲ್ಲದೆ ಒಂದೂ ಬಂದಿಲ್ಲ. ನಾನು ಉತ್ತರ ಬರೆದದ್ದು ಎಲ್ಲ ಸೇರಿ ಹತ್ತೋ ಹನ್ನೆರಡೋ, ಅದೂ ಅರ್ಧ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇಷ್ಟು ಉದ್ದ ಬರೆಯುವುದು ನನಗೆ ಈಗಲೂ ಕಷ್ಟವೇ. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ.

ಮನೆಯ ಕಡೆ ಎಲ್ಲ ಚೆನ್ನಾಗಿದೆ. ಅಪ್ಪ ಅಮ್ಮ ಭಾನುವಾರ ಗೌರಿಬಿದನೂರಿನಿಂದ ಬಂದು, ಕಡಲೆಕಾಯಿ ಬಿಡಿಸಿಟ್ಟು ಹೋದರು. ಬಿಎಸ್ಸಿ ಕ್ಲಾಸುಗಳಲ್ಲಿ ಕೆಮಿಸ್ಟ್ರಿ ಮಾತ್ರ ತಲೆಗೆ ಹತ್ತುತ್ತಿಲ್ಲ. ಮುಂದಿನ ವಾರ ಮೊದಲ ಇಂಟರ್ನಲ್ಸ್ ಅಂತ ನೆನೆದರೆ ಊಟ ಸೇರುವುದಿಲ್ಲ. ನಾನು ಹೊರಳಾಡುವುದನ್ನು ನೋಡಿ ಅಜ್ಜಿ, ‘ಪರೀಕ್ಷೆ ನಿಂದೋ ನಂದೋ? ನಂಗೇ ನಿದ್ದೆ ಬರ್ತಿಲ್ವಲ್ಲೇ!’ ಅಂತ ಎದ್ದು ಕೂರುತ್ತಾರೆ. ಹಾಸ್ಟೆಲಿನಲ್ಲಿ ಭಯವಾದರೆ ಭಯಪಡುವುದಕ್ಕೂ ಒಬ್ಬಳೇ ಇರಬೇಕಿತ್ತು. ಇಲ್ಲಿ ಪಾಲು ತಗೊಳ್ಳಲು ಅಜ್ಜಿ ಇದ್ದಾರೆ.

ಈಗ ತಪ್ಪೊಪ್ಪಿಗೆ. ಅತ್ತೆ, ಒಂದು ಲೋಟ ನೀರು ಕುಡಿದುಬಿಡಿ, ಮುಂದಿನದು ಉದ್ದ ಇದೆ.

ತಾತ, ನಿಮ್ಮ ಕ್ಯಾಮೆರಾವನ್ನು ಬೀರುವಿನಿಂದ ತೆಗೆದೆ. ‘ಅವ್ರನ್ನ ಕೇಳ್ದೆ ಮುಟ್ಬೇಡ್ವೇ’ ಅಂದರು ಅಜ್ಜಿ. ಕೇಳಲಿಲ್ಲ. ಹಜಾರದ ಗೋಡೆಯಲ್ಲಿ ಮೂವತ್ತೊಂದು ಫೋಟೋಗಳು, ಮೂವತ್ತೊಂದು ವಿಜಯದಶಮಿಯ ಬೆಳಗುಗಳು, ಎಲ್ಲದರಲ್ಲೂ ಅದೇ ಕಂದವಾರ ಕೆರೆ, ಹಿಂದೆ ಅದೇ ನಂದಿ ಬೆಟ್ಟ. ಕೆಲವು ವರ್ಷ ಕೆರೆಯ ತುಂಬ ನೀರು, ಕೆಲವು ವರ್ಷ ಒಣಗಿದ ಅಂಗಳದಲ್ಲಿ ಕ್ರಿಕೆಟ್ ಸ್ಟಂಪು. ಆ ಸಾಲಿನ ಕೊನೆಯಲ್ಲಿ ನೀವು ಆಷಾಢದಲ್ಲೇ ಹೊಡೆದಿಟ್ಟು ಹೋದ ಮೂವತ್ತೆರಡನೆಯ ಮೊಳೆ ಖಾಲಿ. ಊಟಕ್ಕೆ ಕೂತರೆ ಅದೇ ಕಾಣುತ್ತದೆ. ಈ ವರ್ಷದ್ದು ನಾನು ತೆಗೆಯುತ್ತೇನೆ ಅಂತ ಹೊರಟೆ. ಫ್ರಿಜ್ಜಿನಲ್ಲಿ ಇಂಗಿನ ಡಬ್ಬಿಯ ಪಕ್ಕ ನೀವು ಇಟ್ಟಿದ್ದ ಫಿಲ್ಮ್ ರೀಲು ಸಿಕ್ಕಿತು. ಅದನ್ನು ಹಾಕುವುದನ್ನು ಯೂಟ್ಯೂಬ್ ನೋಡಿ ಕಲಿತೆ.

ಆಯುಧಪೂಜೆಯ ದಿನ ಅಜ್ಜಿ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದರು. ಪೂಜೆ ನನ್ನ ಪಾಲಿಗೆ ಬಂತು. ಹಾಸ್ಟೆಲಿನಲ್ಲಿ ದಸರೆಗೂ ಸ್ಪೆಷಲ್ ಕ್ಲಾಸ್ ಇರುತ್ತಿದ್ದುದರಿಂದ ಬುದ್ಧಿ ಬಂದ ಮೇಲೆ ನಾನು ಇದನ್ನು ಒಮ್ಮೆಯೂ ಕಣ್ಣಾರೆ ನೋಡಿಲ್ಲ, ನಿಮಗೇ ಗೊತ್ತು. ಈಳಿಗೆಮಣೆಗೆ ಬೊಟ್ಟಿಟ್ಟೆ, ಹೊಲಿಗೆ ಮಿಷನ್ನಿಗೆ ಇಟ್ಟೆ, ಆಮೇಲೆ ಕ್ಯಾಮೆರಾಕ್ಕೆ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಲೆನ್ಸಿನ ಗಾಜಿಗೇ, ನಟ್ಟನಡುವೆ, ದುಂಡಗೆ ಇಟ್ಟುಬಿಟ್ಟೆ. ಕ್ಯಾಮೆರಾದ ಮುಖ ಅದೇ ಅಲ್ವಾ ಅಂದುಕೊಂಡೆ. ನೀವು ಚರ್ಮದ ಚೀಲಕ್ಕೆ ಮಾತ್ರ ಇಡುತ್ತಿದ್ದಿರಿ, ‘ಗಾಜಿಗೆ ಇಟ್ರೆ ಅದು ಪಾಪ ಏನ್ ನೋಡೀತು’ ಅನ್ನುತ್ತಿದ್ದಿರಿ ಅಂತ ಅಜ್ಜಿ ಹೇಳಿದ್ದು ಎಲ್ಲ ಮುಗಿದ ಮೇಲೆ. ಮಾರನೆಯ ಬೆಳಗ್ಗೆ ದುಪಟ್ಟಾದ ತುದಿಯಿಂದ ಒರೆಸಿದೆ. ಹೋಯಿತು ಅಂತಲೇ ನಂಬಿದ್ದೆ.

ಕೆರೆಯ ಏರಿಯ ಮೇಲೆ ಎಮ್ಮೆ ಬಿಟ್ಟುಕೊಂಡು ವೆಂಕಟರವಣಪ್ಪ ಇದ್ದರು. ನಾನು ಯಾರೆಂದು ಹೇಳುವ ಮೊದಲೇ ಚೀಲ ನೋಡಿ ಗುರುತು ಹಿಡಿದು, ‘ಏನಮ್ಮಾ, ಮೇಷ್ಟ್ರು ಬರ್ಲಿಲ್ವಾ ಈ ಸರಿ?’ ಅಂದರು. ಹುಣಸೇಮರದ ಪಕ್ಕದಲ್ಲಿ ನೀವು ನಿಲ್ಲುವ ಕಲ್ಲು ತೋರಿಸಿದವರೂ ಅವರೇ. ನಾನು ಅವಸರಪಟ್ಟರೆ, ‘ಆಗ್ಲೇ ಬ್ಯಾಡ ಇರಮ್ಮಾ, ಬಿಸ್ಲು ಬೆಟ್ಟದ ನೆತ್ತಿಯಿಂದ ಇಳೀಬೇಕು. ಅಲ್ಲೀವರ್ಗೂ ಮೇಷ್ಟ್ರು ನಂಗೆ ಬೀಡಿ ಹಚ್ಚಕ್ಕೂ ಬಿಡಾಕಿಲ್ಲ, ಹೊಗೆ ಅಡ್ಡ ಬತ್ತದೆ ಅಂತ’ ಅಂದು ನಕ್ಕರು. ಮಳೆ ತೊಳೆದುಹೋದ ಮೇಲಿನ ಈ ಬೆಳಕನ್ನು ನೀವು ಕಾಗದಗಳಲ್ಲಿ ಎಷ್ಟು ಸಲ ಬರೆದಿದ್ದಿರಿ! ಮೊದಲು ಬೆಟ್ಟದ ನೆತ್ತಿ ಮಾತ್ರ ತಾಮ್ರದ ಚೊಂಬಿನ ಬಾಯಿಯ ಹಾಗೆ ಹೊಳೆಯಿತು. ಆಮೇಲೆ ಬಂಡೆಯಿಂದ ಬಂಡೆಗೆ ಬಿಸಿಲು ಇಳಿಯಿತು. ಆಚೆ ದಡದ ಸೇವಂತಿಗೆ ತೋಟ ಹಳದಿಯಾಯಿತು. ನನ್ನ ಪಕ್ಕದ ಹುಣಸೇಮರದ ನೆರಳು ನೀರಿನ ಮೇಲೆ ಉದ್ದಕ್ಕೆ ಮಲಗಿತು.

ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಬೆಟ್ಟ ಇರಬೇಕಾದ ಜಾಗದಲ್ಲಿ ಬರೀ ಮಬ್ಬು. ‘ಈ ಮಂಜು ಯಾವಾಗ ಹೋಗುತ್ತೆ?’ ಅಂತ ಕೇಳಿದೆ. ವೆಂಕಟರವಣಪ್ಪ ನನ್ನನ್ನೇ ನೋಡಿ, ‘ಮಂಜೆಲ್ಲೈತಮ್ಮಾ? ನೀನೂ ಮೇಷ್ಟ್ರಂಗೇ ಅಂತೀಯಲ್ಲ. ಹೋದ ವರ್ಷ ಅವ್ರೂ ಹಿಂಗೇ, ಮಂಜು ಮಂಜು ಅಂತ ಬಿಸ್ಲು ನೆತ್ತಿಗೇರೋವರ್ಗೂ ಇದೇ ಕಲ್ಲ ಮೇಲೆ ಕುಂತಿದ್ರು. ಮಂಜೇ ಇರ್ಲಿಲ್ಲ’ ಅಂದರು.

ಕ್ಯಾಮೆರಾ ಕೆಳಗಿಳಿಸಿದೆ. ಬೆಟ್ಟ ಅಲ್ಲೇ ಇತ್ತು, ಒಂದೊಂದು ಬಂಡೆಯೂ ಎಣಿಸುವ ಹಾಗೆ. ತಾತ, ನನಗೆ ಕೆಳಗಿಳಿಸಲು ಕ್ಯಾಮೆರಾ ಇತ್ತು. ಹೋದ ವರ್ಷ ನಿಮಗೆ ಕೆಳಗಿಳಿಸಲು ಏನೂ ಇರಲಿಲ್ಲ ಅಲ್ವಾ?

ಮನೆಗೆ ಬಂದು ಮೂವತ್ತೊಂದನೆಯ ಫೋಟೋದ ಮುಂದೆ ನಿಂತೆ. ಅದೊಂದರಲ್ಲಿ ಮಾತ್ರ ಹುಣಸೇಮರದ ನೆರಳು ಬುಡದಲ್ಲೇ ಮುದುರಿದೆ. ಅಷ್ಟು ಹೊತ್ತು ನೀವು ಒಬ್ಬರೇ ಕಾದಿದ್ದಿರಿ, ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಆ ವಾರದ ಕಾಗದ ಹುಡುಕಿ ತೆಗೆದೆ. ‘ಈ ಸಲ ಮಂಜು ಜಾಸ್ತಿ ಕಣಮ್ಮ, ಆದರೂ ಬಂತು’ ಅಂತ ಬರೆದಿದ್ದೀರಿ. ನಾನು ಅದನ್ನು ಓದಿ, ಮಡಿಸಿ, ಮೆಸ್ಸಿಗೆ ಊಟಕ್ಕೆ ಹೋಗಿದ್ದೆ.

ಆ ಬೆಳಗ್ಗೆ ನಿಮ್ಮ ನಿಯಮದಂತೆ ಒಂದೇ ಒಂದು ಫೋಟೋ ತೆಗೆದಿದ್ದೆ, ಮಬ್ಬಿನಲ್ಲೇ. ಆಮೇಲೆ ಚಿಂತಾಮಣಿಯ ಹಳೆಯ ಸ್ಟುಡಿಯೋಗೆ ಬಸ್ಸಿನಲ್ಲಿ ಹೋಗಿ ಲೆನ್ಸ್ ಕ್ಲೀನ್ ಮಾಡಿಸಿದೆ. ಎಣ್ಣೆ ಹೋಯಿತು, ಕೂದಲಿನಷ್ಟು ಸಣ್ಣ ಗೀರು ಉಳಿದಿದೆ. ಅದು ನನ್ನ ದುಪಟ್ಟಾದ ಕೆಲಸ, ಬೈಯಿರಿ. ಹಬ್ಬ ಕಳೆದ ಮೊದಲ ಭಾನುವಾರ ಮತ್ತೆ ಅದೇ ಕಲ್ಲಿನ ಮೇಲೆ ನಿಂತು ಇನ್ನೊಂದು ತೆಗೆದೆ. ರೀಲನ್ನು ತೊಳೆಯಲು ಕಳಿಸಿದ್ದ ಬೆಂಗಳೂರಿನಿಂದ ಎರಡೂ ಪ್ರಿಂಟ್ ನಿನ್ನೆ ಬಂದವು. ವಿಜಯದಶಮಿಯದು ಮಬ್ಬು. ಸ್ಪಷ್ಟವಾಗಿರುವುದು ವಿಜಯದಶಮಿಯದಲ್ಲ. ಯಾವುದನ್ನು ಹಾಕಲಿ ಅಂತ ಕೇಳಿದರೆ ಅಜ್ಜಿ, ‘ಮೊಳೆ ಹೊಡ್ದೋರು ಅವ್ರು, ಅವ್ರೇ ಬಂದು ಹಾಕ್ಲಿ’ ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಒಂದು ಕಣ್ಣು ಇಷ್ಟು ಸತಾಯಿಸಿದ ಮೇಲೆ ಇನ್ನೊಂದನ್ನು ಆಪರೇಷನ್ನಿಗೆ ಕೊಡಲು ನಿಮಗೆ ಭಯ. ಸಕ್ಕರೆಯಿಂದ ಬಲಗಣ್ಣು ವಾಸಿಯಾಗುವುದು ನಿಧಾನವಾಯಿತು, ಎಡಗಣ್ಣಿಗೆ ತಡ ಮಾಡಿದರೆ ಕಷ್ಟ ಅಂತ ಡಾಕ್ಟರು ಹೇಳಿದ್ದನ್ನು ನಾನು ಮತ್ತೆ ಹೇಳುವುದಿಲ್ಲ, ಅತ್ತೆ ಹೇಳಿ ಹೇಳಿ ಸೋತಿದ್ದಾರೆ. ‘ನೋಡೋದೆಲ್ಲ ನೋಡಿದ್ದಾಯ್ತು ಬಿಡು’ ಅಂದಿರಂತೆ. ಅದು ಸುಳ್ಳು ತಾತ. ಹಾಸ್ಟೆಲಿನ ಮೊದಲ ದಿನ ಗೇಟಿನ ಕಂಬಿ ಹಿಡಿದು ನಾನು ಅಳುತ್ತಿದ್ದಾಗ ನೀವು ಏನು ಹೇಳಿದಿರಿ? ‘ಹೆದರ್ಕೊಂಡೇ ಒಳಗ್ ಹೋಗಮ್ಮ. ಹೆದರಿಕೆ ಹೋಗ್ಲಿ ಅಂತ ಕಾದ್ರೆ ಗೇಟ್ ಮುಚ್ಬಿಡ್ತಾರೆ.’ ನಾನು ಹೆದರಿಕೊಂಡೇ ಹೋದೆ.

ಅತ್ತೆಗೂ ಮಾಮನಿಗೂ ನಮಸ್ಕಾರ. ನಿಮ್ಮ ಎರಡೂ ಕಣ್ಣುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೇನೆ ಅಂತ ತಿಳಿಯಿರಿ.

ನಿಮ್ಮ
ಮಹತಿ

ಮರೆತಿದ್ದೆ: ಎಡಗಣ್ಣಿಗೆ ಇಪ್ಪತ್ನಾಲ್ಕು, ಶುಕ್ರವಾರ ಅಂತ ಅತ್ತೆ ಮತ್ತು ನಾನು ಸೇರಿ ದಿನ ತಗೊಂಡಿದ್ದೇವೆ. ಬೈಯುವುದಿದ್ದರೆ ಇಬ್ಬರಿಗೂ ಸಮನಾಗಿ ಬೈಯಿರಿ. ಇಂಟರ್ನಲ್ಸ್ ಗುರುವಾರ ಮಧ್ಯಾಹ್ನ ಮುಗಿಯುತ್ತದೆ, ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಗೇಟಿನವರೆಗೆ ಈ ಸಲ ನಾನು ಬರುತ್ತೇನೆ. ಇದರ ಜೊತೆ ಅಂಟಿಸಿದ ಕವರಿನಲ್ಲಿ ಎರಡು ಫೋಟೋ ಇಟ್ಟಿದ್ದೇನೆ. ಎರಡನೆಯದರಲ್ಲಿ, ನಿಮ್ಮ ಕಲ್ಲಿನ ಮುಂದೆಯೇ ನೀರಿನ ಅಂಚಿನಲ್ಲಿ, ಮೂವತ್ತೊಂದು ವರ್ಷ ಇಲ್ಲದ್ದು ಒಂದು ಇದೆ. ಅತ್ತೆ, ಅದೇನು ಅಂತ ದಯವಿಟ್ಟು ತಾತನಿಗೆ ಓದಿ ಹೇಳಬೇಡಿ. ಅವರೇ ನೋಡಲಿ.